ಹಳದಿ ಕಾರಿನ ಮುಂದಿನ ಸೀಟು

ಮೊನ್ನೆ ನೆಂಟರನ್ನು ಹಂಪಿಗೆ ಕರೆದುಕೊಂಡು ಹೋಗುವಾಗ ಕಡ್ಡಿರಾಂಪುರದ ಒಂದು ಹೋಟೆಲಿನ ಮುಂದೆ ನಿಂತಿದ್ದೆವು. ಅವರೆಲ್ಲ ಒಳಗೆ ಮಿರ್ಚಿ, ಒಗ್ಗರಣೆ ಮಂಡಕ್ಕಿಗೆ ಕಾಯುತ್ತಿದ್ದರು. ನಾನು ಹೊರಗೆ ಬೇವಿನ ಮರದ ನೆರಳಿನಲ್ಲಿದ್ದೆ. ಎಲ್ಲಿಂದಲೋ ಒಂದೇ ಸಮನೆ ಓಡಿಬಂದ ಸಣ್ಣ ಕಾರೊಂದು ನನ್ನ ಪಕ್ಕಕ್ಕೇ ಬಂದು ನಿಂತಿತು. ಎಂಜಿನ್ ಆರಿಸಿದ ಮೇಲೂ ಒಳಗೆ ಕಬ್ಬಿಣ ತಣಿಯುವ ಟಿಕ್ ಟಿಕ್ ಸದ್ದು. ಬಿಸಿ ರಬ್ಬರು, ಪೆಟ್ರೋಲು, ಕಾದ ಬ್ರೇಕು ಎಲ್ಲ ಸೇರಿದ ಒಂದು ವಾಸನೆ. ಮಲ್ಲಿಗೆಯ ಕಂಪಿಗೆ ಹಳೆಯದೆಲ್ಲ ನೆನಪಾಗುವ ಹೆಂಗಸರಿದ್ದಾರೆ. ನನಗೆ ಕಾದ ಬ್ರೇಕಿನ ವಾಸನೆಗೆ ನೆನಪಾಗುತ್ತದೆ. ನನ್ನ ಹಣೆಬರಹ ಅಷ್ಟೇ ಎಂದುಕೊಳ್ಳಿ.

ನಾನು ಹಲ್ಲಿನ ಡಾಕ್ಟರು. ಗಂಡನ ಮನೆ ಕಂಪ್ಲಿ, ಕ್ಲಿನಿಕ್ಕು ಹೊಸಪೇಟೆಯಲ್ಲಿ. ನಾನು ಹೇಳುತ್ತಿರುವುದು ಸಂಡೂರಿನ ಗುಡ್ಡಗಳು ಅದಿರಾಗಿ ಲಾರಿ ಹತ್ತಿ ಬಂದರಿನ ದಾರಿ ಹಿಡಿದಿದ್ದ ಕಾಲದ ಮಾತು. ಬೇರೆ ಊರುಗಳಲ್ಲಿ ಹಲ್ಲು ನೋವಾದರೆ ಜನ ನಮ್ಮ ಹತ್ತಿರ ಬರುತ್ತಾರೆ. ಆಗಿನ ಹೊಸಪೇಟೆಯಲ್ಲಿ ಹಲ್ಲು ಚೆನ್ನಾಗಿದ್ದರೂ ಬರುತ್ತಿದ್ದರು. ಗಟ್ಟಿಮುಟ್ಟಾದ ಕೋರೆಹಲ್ಲನ್ನು ಬೆರಳಿನಿಂದ ತೋರಿಸಿ, "ಮೇಡಂ, ಇದಕ್ಕೊಂದು ಬಂಗಾರದ ಟೊಪ್ಪಿಗಿ ಹಾಕ್ರಿ" ಎನ್ನುತ್ತಿದ್ದರು. ಬೇಡವೆಂದು ತಿಳಿಹೇಳಿದರೆ ಅವರಿಗೆ ಅವಮಾನವಾಗುತ್ತಿತ್ತು.

ಹಾಗೆ ಬಂದವರಲ್ಲಿ ಸಂಡೂರಿನ ಒಬ್ಬ ತರುಣ ಗುತ್ತಿಗೆದಾರನೂ ಇದ್ದ. ಬೆಂಗಳೂರಿನಿಂದ ಆಸೆಪಟ್ಟು ತಂದ ಒಂದು ಕಾರನ್ನು ಶೆಡ್ಡಿನಲ್ಲಿ ತಾಡಪಾಲು ಹೊದಿಸಿ ಮಲಗಿಸಿದ್ದ. ಅಷ್ಟರಲ್ಲಿ ಅವನ ಮನೆಗೆ ಲಾರಿಯಷ್ಟು ಎತ್ತರದ ಜೀಪು ಬಂದಿತ್ತು. "ನೀವು ಚೊಲೊ ಗಾಡಿ ಹೊಡೀತೀರಂತಲ್ರಿ ಮೇಡಂ, ಇದನ್ನ ನೀವ ತಗೋರಿ. ನನ್ನ ಹತ್ರ ಇದ್ರ ತುಕ್ಕು ಹಿಡೀತೈತಿ" ಎಂದ. ನಾನು ನೋಡಲೆಂದು ಹೋದವಳು ಓಡಿಸಿಕೊಂಡೇ ಬಂದೆ.

ಆ ಕಾರಿನ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ಹೊರಗಿನಿಂದ ನೋಡಿದರೆ ಮಕ್ಕಳನ್ನು ಶಾಲೆಗೆ ಬಿಡುವ ಪುಟ್ಟ ಕಾರಿನಂತೆಯೇ ಇತ್ತು. ಒಳಗೆ ಮಾತ್ರ ಅದರ ಮೈಗೆ ಮೀರಿದ ಎಂಜಿನ್ನು. ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತ ಭಂಗಿ, ತೆಳ್ಳಗಿನ ಟೈರು, ಸೊಂಟವನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಸೀಟು. ಮೂರನೇ ಗೇರಿನಲ್ಲಿ ಕಾಲು ಒತ್ತಿದರೆ ಬೆನ್ನಿಗೆ ಯಾರೋ ಗುದ್ದಿದಂತೆ ಮುಂದಕ್ಕೆ ಹಾರುತ್ತಿತ್ತು. ಆ ಗುದ್ದಿಗೆ ನಾನು ಮರುಳಾಗಿದ್ದೆ. ಉಳಿದದ್ದೆಲ್ಲ ಕಷ್ಟವೇ. ರಸ್ತೆಯಲ್ಲಿ ಒಂದು ಕಡಲೆಕಾಳಿದ್ದರೂ ಅದು ಹಲ್ಲಿಗೆ ತಿಳಿಯುತ್ತಿತ್ತು. ಹಂಪಿಯ ದಾರಿಯಲ್ಲಿರುವ ಹಂಪುಗಳಿಗೆಲ್ಲ ಅದು ಹೊಟ್ಟೆ ಉಜ್ಜಿಯೇ ಮುಂದೆ ಹೋಗುತ್ತಿತ್ತು. ಪೆಟ್ರೋಲ್ ಬಂಕಿನವರು ನನ್ನನ್ನು ಮನೆಮಗಳಂತೆ ಕಾಣತೊಡಗಿದ್ದರು. ಬಣ್ಣ ಹಳದಿ. ಸಂಡೂರಿನ ಕಡೆಗೆ ಒಮ್ಮೆ ಹೋಗಿಬಂದರೆ ಅದಿರಿನ ಕೆಂಪು ಧೂಳು ಮೆತ್ತಿಕೊಂಡು ಅರಿಸಿನ ಕುಂಕುಮ ಎರಡೂ ಆಗುತ್ತಿತ್ತು.

"ಇನ್ನೊಂದು ಆರತಿ ಎತ್ತೂದ ಬಾಕಿ" ಎಂದಿದ್ದರು ನನ್ನ ಅತ್ತೆ, ಅದನ್ನು ಮೊದಲ ಸಲ ಅಂಗಳದಲ್ಲಿ ಕಂಡಾಗ. "ಇದ್ಯಾವ ಕಾರವ್ವಾ, ಕಪ್ಪಿ ಕುಂತಂಗ ಕುಂತೈತಿ!"

ಅತ್ತೆ ಶರಣಮ್ಮ ಎಮ್ಮಿಗನೂರಿನ ಮಗಳು, ಕಂಪ್ಲಿಯ ಅಕ್ಕಿ ಗಿರಣಿಯ ಸೊಸೆಯಾಗಿ ಬಂದವರು. ಮಾವ ತೀರಿಕೊಂಡ ಮೇಲೆ ಗಿರಣಿ ನನ್ನ ಗಂಡ ವೀರೇಶನ ಕೈಗೆ ಬಂದಿತ್ತು, ಮನೆ ಅತ್ತೆಯ ಕೈಯಲ್ಲೇ ಉಳಿದಿತ್ತು. ನನಗೂ ಅವರಿಗೂ ದಿನಕ್ಕೊಂದು ಸಲವಾದರೂ ಜಟಾಪಟಿ ಆಗಬೇಕು. ದೊಡ್ಡ ಜಗಳಗಳಲ್ಲ, ಸಾರಿನ ಹುಳಿ, ಒಗೆದ ಬಟ್ಟೆಯ ಮಡಿಕೆ, ನಾನು ಮನೆಗೆ ಬರುವ ಹೊತ್ತು, ಇಂಥವು. ನನ್ನನ್ನು ಕೆಣಕಬೇಕೆನಿಸಿದಾಗ "ಡಾಕ್ಟರಮ್ಮಾ" ಎಂದು ಕರೆಯುತ್ತಿದ್ದರು. ಹಳದಿ ಕಾರಿನಲ್ಲಿ ಮಾತ್ರ ಅವರು ಕೂತಿರಲಿಲ್ಲ. ಕೂರಲು ಬಗ್ಗಬೇಕು, ಏಳಲು ಯಾರಾದರೂ ಎಳೆಯಬೇಕು, ಅಂಥದ್ದರಲ್ಲಿ ಮರ್ಯಾದಸ್ತರು ಕೂರುವುದಿಲ್ಲ ಎಂಬುದು ಅವರ ವಾದ.

ಒಂದು ದಿನ ಅವರು ಹೇಳದೆ ಕೇಳದೆ ಬಸ್ಸು ಹತ್ತಿ ನನ್ನ ಕ್ಲಿನಿಕ್ಕಿಗೆ ಬಂದರು. ದವಡೆಹಲ್ಲು ನೋವು ಎಂದರು. ಮನೆಯಲ್ಲೇ ಹೇಳಬಹುದಿತ್ತಲ್ಲ ಎಂದುಕೊಳ್ಳುತ್ತಲೇ ಕುರ್ಚಿಯಲ್ಲಿ ಒರಗಿಸಿ, ತಲೆಯ ಮೇಲಿನ ಸೆರಗನ್ನು ಸರಿಸಿದೆ. ಹಲ್ಲಿಗೆ ಏನೂ ಆಗಿರಲಿಲ್ಲ. ದವಡೆಯ ಮೇಲೆ ಕೈಯಾಡಿಸುವಾಗ ಕಿವಿಯ ಕೆಳಗೆ ನನ್ನ ಬೆರಳು ನಿಂತಿತು. ಅಲ್ಲೊಂದು ಗಂಟಿತ್ತು. ಗಟ್ಟಿಯಾಗಿ, ಅಡಿಕೆಗಿಂತ ದೊಡ್ಡದಾಗಿ.

"ಎಷ್ಟ್ ದಿನ ಆತ್ರೀ ಅತ್ತಿ?"

ಅವರು ದೀಪದ ಕಡೆ ನೋಡುತ್ತಾ, "ಆಗೈತಿ ಭಾಳ ದಿನ" ಎಂದರು. ಆಮೇಲೆ ನನ್ನ ಕೈಯನ್ನು ಹಿಡಿದುಕೊಂಡು, "ಹಲ್ಲಿಂದಲ್ಲ ಅಂತ ನನಗೂ ಗೊತ್ತು. ನಿನಗಷ್ಟ ತೋರಿಸೂಣಂತ ಬಂದೆ. ಊರಿಗೆಲ್ಲ ಗೊತ್ತಾಗೂದು ಬ್ಯಾಡವ್ವಾ" ಎಂದರು.

ಕಳೆದ ಕೆಲವು ತಿಂಗಳಿಂದ ಮನೆಯೊಳಗೂ ಅವರು ಸೆರಗು ಹೊದ್ದು, ಕಿವಿಯವರೆಗೆ ಎಳೆದುಕೊಂಡು ಓಡಾಡುತ್ತಿದ್ದದ್ದು ಆಗ ನನ್ನ ತಲೆಗೆ ಹೊಳೆಯಿತು. ಆ ಜಾಗದ ಗಂಟುಗಳಲ್ಲಿ ಬಹಳಷ್ಟು ಅಪಾಯವಿಲ್ಲದವು ಎಂದು ನಾನು ಓದಿದ್ದೆ. ಎಲ್ಲವೂ ಅಲ್ಲ ಎಂಬುದನ್ನೂ ಅದೇ ಪುಸ್ತಕದಲ್ಲಿ ಓದಿದ್ದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ತೋರಿಸುವುದೆಂದು ಆ ಸಂಜೆಯೇ ನಾನೂ ವೀರೇಶನೂ ನಿಶ್ಚಯಿಸಿದೆವು.

ಹೋಗುವುದು ಹೇಗೆ? ರೈಲಿನಲ್ಲಿ ಬೇಡ, ಡಬ್ಬಿಗೊಬ್ಬರು ನೆಂಟರು ಸಿಗುತ್ತಾರೆ ಎಂದರು ಅತ್ತೆ. ಗಿರಣಿಯ ದೊಡ್ಡ ಕಾರೂ ಬೇಡ, ಅದರ ಡ್ರೈವರ್ ಮರಳಿ ಬರುವ ಮೊದಲೇ ಸುದ್ದಿ ಕಂಪ್ಲಿ ಮುಟ್ಟಿರುತ್ತದೆ. ವೀರೇಶ ಗಿರಣಿ ನಡೆಸುವುದರಲ್ಲಿ ಹುಲಿ, ಹೈವೇಯಲ್ಲಿ ಸ್ಟಿಯರಿಂಗ್ ಹಿಡಿದರೆ ಅಂಗೈ ಬೆವರುತ್ತದೆ. ಉಳಿದದ್ದು ನಾನು, ನನ್ನ ಕಪ್ಪೆ. ಮುಂದಿನ ಸೀಟು ಗಂಡಸಿನದು ಎಂದು ಅತ್ತೆ ಹಿಂದೆಯೇ ಕೂತರು.

ಆಗಿನ ಹೈವೇ ನೆನಪಿದೆಯೇ ನಿಮಗೆ? ಮರಿಯಮ್ಮನಹಳ್ಳಿ ದಾಟುತ್ತಿದ್ದಂತೆ ಮುಂದೆ ಲಾರಿ, ಹಿಂದೆ ಲಾರಿ, ಎದುರಿಗೂ ಲಾರಿ. ಅದಿರು ಹೇರಿಕೊಂಡ ಸಾಲು ಕೂಡ್ಲಿಗಿಯಾಚೆಗೂ ಮುಗಿಯುತ್ತಿರಲಿಲ್ಲ. ರಸ್ತೆಯಲ್ಲಿ ಎಮ್ಮೆ ಮಲಗುವಷ್ಟು ಗುಂಡಿಗಳು. ಬೇರೆ ದಿನಗಳಲ್ಲಿ ನಾನು ಈ ಸಾಲಿನ ಸಂದುಗಳಲ್ಲಿ ನುಗ್ಗಿ, ಒಂದೊಂದೇ ಲಾರಿಯನ್ನು ಹಿಂದೆ ಹಾಕುತ್ತಾ ಹೋಗುವವಳು. ಅವತ್ತೂ ಹಾಗೇ ಒಂದೆರಡನ್ನು ದಾಟಿದೆ. ಪ್ರತಿ ಸಲವೂ ಹಿಂದಿನಿಂದ ಬಳೆಗಳು ಬಾಗಿಲಿಗೆ ಬಡಿದ ಸದ್ದು ಬರುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಅತ್ತೆ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಕಿವಿಯ ಕೆಳಭಾಗವನ್ನು ಅದುಮಿಕೊಂಡು ಕಣ್ಣು ಮುಚ್ಚಿದ್ದರು.

ನನ್ನ ಕಾಲು ತಾನಾಗಿ ಸಡಿಲವಾಯಿತು. ಅಂಥ ಕಾರನ್ನು ನಿಧಾನ ಓಡಿಸುವುದು ಎಷ್ಟು ಕಷ್ಟ ಗೊತ್ತೇ? ಅದು ಮುಗ್ಗರಿಸುತ್ತದೆ, ಗೊಣಗುತ್ತದೆ. ಹಿಂದಿನ ಲಾರಿಯವರು ಹಾರನ್ನಿನ ಮೇಲಿಂದ ಕೈ ತೆಗೆಯದೆ ಬೈಯುತ್ತಿದ್ದರು. ಒಂದೊಂದು ಗುಂಡಿಯನ್ನೂ ಮೊಟ್ಟೆಯ ಬುಟ್ಟಿ ಹೊತ್ತವಳಂತೆ ಇಳಿಸಿ ಹತ್ತಿಸಿದೆ. ಚಿತ್ರದುರ್ಗದವರೆಗೆ ಹೀಗೇ ಸಾಗಿದೆವು. ಅಲ್ಲಿಂದಾಚೆ ರಸ್ತೆ ಅಗಲವಾಯಿತು, ಆದರೂ ನಾನು ವೇಗ ಹೆಚ್ಚಿಸಲಿಲ್ಲ. ಆಗ ಹಿಂದಿನಿಂದ ಅತ್ತೆಯ ದನಿ ಬಂತು.

"ಯಾಕವ್ವಾ, ಹೆಣ ಹೊತ್ತಂಗ ಹೊಂಟೀದಿ? ನಾ ಇನ್ನೂ ಸತ್ತಿಲ್ಲ."

ವೀರೇಶ ಕಿಟಕಿಯ ಕಡೆ ತಿರುಗಿಕೊಂಡ. ನಾನು ಗೇರು ಬದಲಿಸಿದೆ, ಅದು ಸರಿಯಾಗಿ ಬೀಳಲಿಲ್ಲ.

ಬೆಂಗಳೂರಿನಲ್ಲಿ ನನ್ನ ಗೆಳತಿಯ ಮನೆಯಲ್ಲಿ ಇಳಿದುಕೊಂಡೆವು. ಸೂಜಿ ಚುಚ್ಚಿ ಗಂಟಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿಗೆ ಕಾಯಬೇಕಿತ್ತು. ಆ ದಿನಗಳನ್ನು ಹೇಗೆ ಕಳೆದೆವೋ. ಅತ್ತೆ ನನ್ನ ಯಾವ ಕೆಲಸಕ್ಕೂ ಹೆಸರಿಡಲಿಲ್ಲ. ಮಾಡಿ ಬಡಿಸಿದ್ದನ್ನು ಮಾತಿಲ್ಲದೆ ಉಂಡರು. ನಾನು ಮಡಿಸಿಟ್ಟ ಸೀರೆಯನ್ನು ಬಿಚ್ಚಿ ಮತ್ತೆ ಮಡಿಸಲಿಲ್ಲ. ಗೆಳತಿ "ನಿಮ್ಮತ್ತೆ ಎಷ್ಟು ಒಳ್ಳೆಯವರು" ಎಂದಾಗ ನನಗೆ ಅಳು ಬಂದಂತಾಯಿತು.

ವರದಿ ಬಂದ ಬೆಳಿಗ್ಗೆ ಡಾಕ್ಟರು ಕನ್ನಡಕ ತೆಗೆದು ನಕ್ಕರು. "ಕೆಟ್ಟದ್ದೇನಲ್ಲ."

"ಹಂಗಂದ್ರ?" ಅತ್ತೆ ಕೇಳಿದರು.

"ಕ್ಯಾನ್ಸರ್ ಅಲ್ಲಮ್ಮ. ಒಂದು ಸಣ್ಣ ಆಪರೇಷನ್ ಮಾಡಿ ತೆಗೆದುಬಿಡೋಣ. ಮನೆಗೆ ಹೋಗಿ, ನಿಮಗೆ ಅನುಕೂಲವಾದಾಗ ಬನ್ನಿ."

ಅತ್ತೆ ಎದ್ದು ನಿಂತು, "ಇದನ್ನ ಮೊದ್ಲ ಹೇಳೂದಲ್ಲೇನ್ರಿ? ಇಷ್ಟ್ ದಿನ ಆತು, ಉಂಡದ್ದು ರುಚಿ ಹತ್ತಿಲ್ಲ" ಎಂದರು. ಡಾಕ್ಟರು ತಪ್ಪೊಪ್ಪಿಕೊಂಡವರಂತೆ ಕೈಮುಗಿದರು.

ಹೊರಗೆ ಬಂದರೆ ವೀರೇಶ ಇಲ್ಲ. ಕಾರಿನ ಹತ್ತಿರ ಹೋಗಿ ನೋಡಿದೆ. ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಟೈರನ್ನು ಎರಡೂ ಕೈಯಲ್ಲಿ ಒತ್ತಿಹಿಡಿದು, ಅಷ್ಟು ದೊಡ್ಡ ಆಳು ಬಿಕ್ಕುತ್ತಿದ್ದ. ನನ್ನನ್ನು ಕಂಡು, "ಹವಾ ಕಡಿಮಿ ಆದಂಗ ಕಾಣತೈತಿ" ಎಂದ. ನಾನೂ ಪಕ್ಕದಲ್ಲಿ ಕೂತು ಟೈರು ಒತ್ತಿದೆ. "ಹೌದು, ಒಂದೀಟು ಕಡಿಮಿ ಐತಿ" ಎಂದೆ. ಟೈರಿನಲ್ಲಿ ಗಾಳಿ ಸರಿಯಾಗಿಯೇ ಇತ್ತು.

ಊರಿಗೆ ಹೊರಡುವಾಗ ಅತ್ತೆ ಯಾರನ್ನೂ ಕೇಳದೆ ಮುಂದಿನ ಬಾಗಿಲು ತೆಗೆದು ಕೂತುಬಿಟ್ಟರು. ವೀರೇಶ ಮಂಡಿಗಳನ್ನು ಗದ್ದಕ್ಕೆ ತಂದುಕೊಂಡು ಹಿಂದೆ ಮಡಿಸಿಕೊಂಡ. ನಾನು ಬೆಲ್ಟು ಎಳೆದು ಅತ್ತೆಯ ಹೆಗಲ ಮೇಲಿಂದ ಹಾಕಿದೆ.

"ಕೊರಳಾಗ ಲಿಂಗ ಐತಲ್ಲ ನನಗ, ಈ ಜನಿವಾರ ಯಾಕ?"

"ಪೊಲೀಸ್ರು ಹಿಡೀತಾರ್ರಿ ಅತ್ತಿ."

"ಹಿಡೀಲಿ. ಇವತ್ತು ಯಾರ್ ಹಿಡುದ್ರೂ ನಡೀತೈತಿ ಬಿಡು."

ತುಮಕೂರು ದಾಟಿದ ಮೇಲೆ ಹೊಸದಾಗಿ ಅಗಲ ಮಾಡಿದ ರಸ್ತೆ. ಕೆಲವು ಕಡೆ ಇನ್ನೂ ಕಲ್ಲು ಡ್ರಮ್ಮು ಅಡ್ಡ ಇಟ್ಟಿದ್ದರು, ಉಳಿದಂತೆ ಕಣ್ಣು ಹಾಯುವಷ್ಟು ದೂರ ನುಣ್ಣಗೆ ಕಪ್ಪಗೆ ಚಾಚಿಕೊಂಡಿತ್ತು. ಬಿಸಿಲು ಹಿತವಾಗಿತ್ತು. ಅತ್ತೆ ದಾರಿಯುದ್ದಕ್ಕೂ ತೋಟ, ಗುಡ್ಡ, ಬಾಳೆಹಣ್ಣಿನ ಗಾಡಿ ಎಲ್ಲವನ್ನೂ ಹೊಸದಾಗಿ ನೋಡುವವರ ಹಾಗೆ ನೋಡುತ್ತಿದ್ದರು. ಶಿರಾ ಬಂದಾಗ ಒಮ್ಮೆಗೇ ಹೇಳಿದರು:

"ನಿನ್ನ ಕೂಡ ಜಗಳಾಡೂದು ಬಿಟ್ಟಿದ್ದೆ. ಗೊತ್ತಾಗಿತ್ತೇನು?"

"ಗೊತ್ತಾಗಿತ್ರಿ. ಅದಕ್ಕ ನನಗ ಭಾಳ ಹೆದರಿಕಿ ಆಗಿತ್ತು."

"ಹೋಗೋ ಹೊತ್ತಿನ್ಯಾಗ ಯಾಕ ಕೆಟ್ಟಾಕಿ ಅನ್ನಿಸಿಕೊಳ್ಳೂದು ಅಂತ ಬಾಯಿ ಕಟ್ಟಿದ್ದೆ. ಅಬ್ಬಬ್ಬಾ, ಏನ್ ಕಷ್ಟ ಅದು!" ಸೀಟಿನಲ್ಲೇ ನನ್ನ ಕಡೆ ತಿರುಗಿದರು. "ಈಗ ಕೇಳು. ನೀ ಸಾರಿಗೆ ಹುಣಸಿಹಣ್ಣು ಭಾಳ ಹಾಕ್ತಿ. ನಿನ್ನ ಗೆಳತಿ ಮನ್ಯಾಗ ಮಾಡಿದ್ಯಲ್ಲ, ಆ ಸಾರು ಬಾಯಾಗ ಇಡಾಕ ಬರಂಗಿದ್ದಿಲ್ಲ. ಸೀರಿ ಮಡಚೂದಂತೂ ದೇವ್ರಿಗೇ ಪ್ರೀತಿ. ಡಾಕ್ಟರಮ್ಮಾ, ನಗತೀಯಲ್ಲ, ಯಾಕ ನಗತಿ?"

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯದು. ಮುಂದಿನ ರಸ್ತೆ ಮಸುಕಾಗಿ, ಕಣ್ಣೊರೆಸಿಕೊಳ್ಳಲು ಗಾಡಿಯನ್ನು ಬದಿಗೆ ನಿಲ್ಲಿಸಬೇಕಾಯಿತು. ಹಿಂದಿನ ಸೀಟಿನಲ್ಲಿ ವೀರೇಶ, "ಮುಗೀತು, ಸುರು ಆತು ಇವರ್ದು" ಎಂದ. ಅಷ್ಟು ಸಂತೋಷದಿಂದ ಅವನು ಗೊಣಗಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಮತ್ತೆ ಹೊರಟಾಗ ಅತ್ತೆ ಮುಂದಿನ ಮೀಟರಿನ ಮುಳ್ಳನ್ನು ಬಗ್ಗಿ ನೋಡಿದರು. "ಎಲ್ಲಾರೂ ಈ ಗಾಡಿ ಹಂಗ ಓಡತೈತಿ, ಹಿಂಗ ಓಡತೈತಿ ಅಂತಾರ. ಇಷ್ಟೇನು ಇದರ ಓಟ?"

"ಹಿಡಕೊಂಡು ಕುಂದರ್ರಿ" ಎಂದೆ.

ರಸ್ತೆ ಖಾಲಿಯಿತ್ತು. ಮೂರನೇ ಗೇರಿಗೆ ಹಾಕಿ ಕಾಲು ಒತ್ತಿದೆ. ಕಾರು ಎರಡು ದಿಕ್ಕಿನ ಆ ಪಯಣದಲ್ಲಿ ಮೊದಲ ಸಲ ಬಾಯ್ತುಂಬ ಕೂಗಿತು. ಅತ್ತೆಯ ಬೆನ್ನು ಸೀಟಿಗೆ ಅಂಟಿತು. ಅವರು "ಯವ್ವಾ!" ಎಂದರು, ಆಮೇಲೆ ಹುಡುಗಿಯರು ಜೋಕಾಲಿಯಲ್ಲಿ ನಗುವಂತೆ ನಕ್ಕರು. ತೆರೆದ ಕಿಟಕಿಯಿಂದ ನುಗ್ಗಿದ ಗಾಳಿಗೆ ತಲೆಯ ಸೆರಗು ಹಾರಿ ಹೆಗಲಿಗೆ ಬಿತ್ತು. ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ ಆ ಗಂಟು ಬಿಸಿಲಿಗೆ ಎದ್ದು ಕಾಣುತ್ತಿತ್ತು. ಅವರು ಅದನ್ನು ಮತ್ತೆ ಮುಚ್ಚಿಕೊಳ್ಳಲಿಲ್ಲ.

"ಇನ್ನೊಂದೀಟು ಬಿಡು" ಎಂದರು.

ಆಪರೇಷನ್ನು ಸುಸೂತ್ರವಾಗಿ ಆಯಿತು. ಕಿವಿಯ ಹಿಂದೆ ಒಂದು ಗೆರೆ ಉಳಿಯಿತು, ಹುಡುಕಿದರೆ ಮಾತ್ರ ಕಾಣುವಂಥದ್ದು. ಮುಂದೆ ಗಣಿಗಳು ನಿಂತವು, ಲಾರಿಗಳ ಸಾಲು ಕರಗಿತು, ರಸ್ತೆಗಳು ಒಳ್ಳೆಯದಾದವು. ನನ್ನ ಕಾರಿಗೆ ತಕ್ಕ ರಸ್ತೆ ಬರುವ ಹೊತ್ತಿಗೆ ಅದರ ಬಿಡಿಭಾಗ ಸಿಗುವುದು ನಿಂತಿತ್ತು. ಗಂಗಾವತಿಯ ಒಬ್ಬರು ಆಸೆಪಟ್ಟು ಕೊಂಡೊಯ್ದರು. ಅದು ಗೇಟು ದಾಟುವಾಗ ನಾನೂ ಅತ್ತೆಯೂ ಜೊತೆಯಲ್ಲೇ ನಿಂತು ನೋಡಿದೆವು.

ಕಡ್ಡಿರಾಂಪುರದಲ್ಲಿ ಆ ಸಣ್ಣ ಕಾರಿನ ಪಕ್ಕ ನಿಂತು ಇಷ್ಟನ್ನೂ ನೆನೆಯುತ್ತಿದ್ದಾಗ ಎದೆ ತುಂಬಿಬಂತು. ಒಳಗಿನಿಂದ ನೆಂಟರು ಕರೆಯುತ್ತಿದ್ದರು. ಒಂದು ನಿಮಿಷ ಎಂದು ಸನ್ನೆ ಮಾಡಿ ಮನೆಗೆ ಫೋನು ಹಚ್ಚಿದೆ. ಬಹಳ ಹೊತ್ತು ರಿಂಗಾದ ಮೇಲೆ ಅತ್ತೆಯೇ ಎತ್ತಿದರು.

"ಏನವ್ವಾ?"

"ಏನಿಲ್ರಿ ಅತ್ತಿ. ಹಂಗ ಸುಮ್ನ ಮಾಡಿದೆ. ಆರಾಮ ಅದೀರೇನು?"

"ನನಗೇನಾಗೈತಿ ಧಾಡಿ? ಟೀವ್ಯಾಗ ಆ ಸೊಸಿ ಅತ್ತೀಗೆ ಎದುರು ಮಾತಾಡಾಕತ್ಯಾಳ, ಭಾಳ ಮಸ್ತ್ ಬಂದೈತಿ. ಆಮ್ಯಾಲ ಮಾಡು."

ಫೋನು ಇಟ್ಟೇಬಿಟ್ಟರು. ನಾನು ಅದನ್ನು ಕಿವಿಗೆ ಹಿಡಿದುಕೊಂಡೇ ಬೇವಿನ ನೆರಳಿನಲ್ಲಿ ಒಬ್ಬಳೇ ನಕ್ಕೆ. ಮಿರ್ಚಿ ತಣ್ಣಗಾಗುತ್ತವೆಂದು ನೆಂಟರು ಮತ್ತೆ ಕೂಗಿದರು. ನನಗೆ ವಿಪರೀತ ಹಸಿವಾಗಿತ್ತು.