ಕುರ್ಚಿಗೂ ಒಂದು ರಜ

“ಬಿಚ್ಬೇಡ ಕಣಪ್ಪಾ, ಅದು ಕೆಟ್ಟಿಲ್ಲ!”

ಮಸಾಜ್ ಕುರ್ಚಿಯ ಹಿಂಬದಿಗೆ ನಾನು ಸ್ಕ್ರೂಡ್ರೈವರ್ ಇಡುತ್ತಿದ್ದಂತೆ, ಆಗಷ್ಟೇ ಗುಡಿಯಿಂದ ಬಂದ ಅಜ್ಜಿ ಬಾಗಿಲಲ್ಲೇ ಕೂಗಿದರು. ಅಂದು ಆಯುಧಪೂಜೆ. ಕುರ್ಚಿ ಆನ್ ಆಗುತ್ತಿಲ್ಲವೆಂದು ಅವರ ಸೊಸೆ ಫೋನ್ ಮಾಡಿದ್ದರಿಂದ, ಕಡೂರಿನ ನನ್ನ ರಿಪೇರಿ ಅಂಗಡಿಯಲ್ಲಿ ಪೂಜೆ ಮುಗಿಸಿ ಸಖರಾಯಪಟ್ಟಣಕ್ಕೆ ಓಡಿ ಬಂದಿದ್ದೆ. ಗೋಡೆಯ ಪಾಯಿಂಟ್‌ನಲ್ಲಿ ಕರೆಂಟ್ ಇತ್ತು, ವೈರೂ ಸರಿಯಿತ್ತು. ಫ್ಯೂಸೇ ಹೋಗಿದೆ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದೆ.

ಅಜ್ಜಿ ಕುರ್ಚಿಗೆ ಹಾಕಿದ್ದ ಹೂವಿನ ಹಾರ ಸರಿಸಿದರು. ಅದರ ಹಿಂದೆ ಇನ್ನೊಂದು ಸ್ವಿಚ್ ಇತ್ತು. ಅದನ್ನು ಆಫ್ ಮಾಡಿದ್ದು ಅವರೇ.

“ವರ್ಷವೆಲ್ಲಾ ನನ್ ಕಾಲು ಒತ್ತೈತೆ. ಪೂಜೆ ದಿನನಾದ್ರೂ ಅದಕ್ಕೆ ರಜ ಬ್ಯಾಡ್ವಾ?”

ಸೊಸೆ ನಕ್ಕರು. ನನಗೆ ನಗು ಬರಲಿಲ್ಲ. ಬೆಳಿಗ್ಗೆ ಸ್ಕ್ರೂಡ್ರೈವರ್‌ಗೆ ನಾನೇ ಹಚ್ಚಿದ್ದ ಕುಂಕುಮ ನನ್ನ ಅಂಗೈಗೆಲ್ಲಾ ಮೆತ್ತಿಕೊಂಡಿತ್ತು.