ಕಲ್ಲಿಕೋಟೆಯ ಬಿಟ್ಟಿ ಊಟ

ನಮ್ಮ ಮನೆಯವರು ಸಮುದ್ರ ನೋಡೋದಕ್ಕೆ ಹೋಗಿದ್ದು ಒಂದೇ ಸಲ, ಅದೂ ಬಿಟ್ಟಿ ಅಂತ ಖಾತ್ರಿಯಾದ ಮೇಲೆ. ಕಾಸು ಬಿಚ್ಚಬೇಕು ಅಂದಿದ್ದರೆ ನಮ್ಮಪ್ಪ ಊರ ಕೆರೆ ತೋರಿಸಿ, "ಇದೇ ಸಮುದ್ರ ಕಣಮ್ಮಿ, ಒಸಿ ಉಪ್ಪು ಕಮ್ಮಿ ಅಷ್ಟೇಯ" ಅಂದುಬಿಡುತ್ತಿದ್ದ. ಅಂಥ ಕೈ ಅದು.

ಅಪ್ಪನಿಗೆ ಗುಂಡ್ಲುಪೇಟೆಯಲ್ಲಿ ಅರಿಶಿನದ ವ್ಯಾಪಾರ. ಭೀಮನಬೀಡು ಕಡೆಯಿಂದ ಗಾಡಿಯಲ್ಲಿ ಬಂದ ಅರಿಶಿನ ನಮ್ಮ ಅಂಗಳದಲ್ಲಿ ಒಣಗಿ, ಮೂಟೆಯಾಗಿ, ಲಾರಿ ಹತ್ತಿ ಕಲ್ಲಿಕೋಟೆಯ ಮಂಡಿಗೆ ಹೋಗುತ್ತಿತ್ತು. ಆ ಮಂಡಿಯ ಸಾಹುಕಾರರು ಮಾಪಿಳ್ಳೆ ಸಾಬರು, ಬಹಳ ದೊಡ್ಡ ಮನಸ್ಸಿನವರು. ಅಂಗಳಕ್ಕೆ ಬಂದಾಗಲೆಲ್ಲ ನಮ್ಮ ಮನೆಯ ಮಜ್ಜಿಗೆ ಕುಡಿದು ಹೋಗೋರು. ಐವತ್ತರ ದಶಕದ ಒಂದು ಬೇಸಿಗೆಯಲ್ಲಿ ಅಪ್ಪನಿಗೆ ಹೇಳಿದರಂತೆ: ಸಮುದ್ರದ ದಂಡೆಯಲ್ಲಿ ನನ್ನದೊಂದು ಮನೆ ಖಾಲಿ ಇದೆ, ಸಂಸಾರ ಸಮೇತ ಬಂದು ಒಂದು ವಾರ ಇರಿ. ಅಕ್ಕಿ, ಬೇಳೆ, ಎಣ್ಣೆ, ಹಾಲು, ಸೌದೆ, ತೆಂಗಿನಕಾಯಿ, ಓಡಾಡೋಕೆ ಜಟಕಾ, ಎಲ್ಲಾ ನನ್ನದು. ನೀವು ಒಂದು ಕಾಸೂ ತೆಗೆಯಬೇಡಿ.

ಬಿಟ್ಟಿ ಸಿಕ್ಕಿದರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅಂತಾರಲ್ಲ, ನಮ್ಮ ಮನೆಯವರನ್ನು ನೋಡಿಯೇ ಯಾರೋ ಆ ಮಾತು ಕಟ್ಟಿರಬೇಕು. ಅಜ್ಜಿ ಅವತ್ತೇ ಸೀರೆ ಮಡಿಸಿಟ್ಟಳು. ಇದ್ದ ತೊಡಕು ಒಂದೇ. ನಾವು ಲಿಂಗ ಕಟ್ಟಿದವರು, ಬೇರೆಯವರ ಕೈಯಲ್ಲಿ ಉಣ್ಣೋ ಹಾಗಿಲ್ಲ. ಅದೂ ಮೀನಿನ ಸೀಮೆ. ಅದಕ್ಕೇ ಅತ್ತೆಯನ್ನು ಕರೆದುಕೊಂಡು ಹೋಗೋದು ಅಂತಾಯಿತು. ಸಮುದ್ರ ತೋರಿಸೋಕಲ್ಲ, ಅಡಿಗೆ ಮಾಡೋಕೆ.

ಅತ್ತೆ ಅಂದರೆ ಅಪ್ಪನ ತಂಗಿ, ಅಜ್ಜಿಯ ಹೊಟ್ಟೆಯಲ್ಲೇ ಹುಟ್ಟಿದ ಮಗಳು. ಉಡಿಗಾಲ ಅನ್ನೋ ಊರಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ವರ್ಷವೇ ಅಲ್ಲಿಯವರು ಅವಳನ್ನು ತವರಿಗೆ ಅಟ್ಟಿದರು. ಅಟ್ಟುವಾಗ ಕೊರಳಿನ ಬೆಳ್ಳಿ ಕರಡಿಗೆಯನ್ನೂ ಬಿಡಲಿಲ್ಲ. ಕರಡಿಗೆ ಅಂದರೆ ಲಿಂಗ ಇಟ್ಟುಕೊಳ್ಳೋ ಪುಟ್ಟ ಡಬ್ಬಿ. ಅದನ್ನು ತಾವು ಇಟ್ಟುಕೊಂಡು, ಲಿಂಗವನ್ನು ಒಂದು ಬಟ್ಟೆ ಚೂರಿನಲ್ಲಿ ಗಂಟುಹಾಕಿ ದಾರಕ್ಕೆ ಕಟ್ಟಿ ಕಳಿಸಿದರು. ಅಪ್ಪ ಪ್ರತಿ ಸುಗ್ಗಿಯಲ್ಲೂ "ಈ ಸಲ ಅರಿಶಿನ ಮಾರುದ್ಮ್ಯಾಲೆ ನಿಂಗೊಂದು ಕರಡಿಗೆ ಮಾಡುಸ್ತೀನಿ ಬುಡು" ಅನ್ನುತ್ತಿದ್ದ. ಅರಿಶಿನ ಮಾರುತ್ತಿತ್ತು, ಕರಡಿಗೆ ಬರುತ್ತಿರಲಿಲ್ಲ. ನಮ್ಮಮ್ಮನ ಕರಡಿಗೆ ಮಾತ್ರ ವರ್ಷಕ್ಕೊಮ್ಮೆ ಪಾಲಿಶ್ ಆಗುತ್ತಿತ್ತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮಲ್ಲಿ ಎಳೆ ಮಗುವಿಗೇ ಲಿಂಗ ಕಟ್ಟುತ್ತಾರೆ. ಆಮೇಲೆ ಅದು ಮೈ ಬಿಟ್ಟು ಇಳಿಯೋ ಹಾಗಿಲ್ಲ, ಮಣ್ಣಿಗೆ ಹೋಗುವಾಗಲೂ ಜೊತೆಗೇ. ಕಳೆದುಹೋಯಿತು ಅಂದರೆ, ಗುರುಗಳ ಕೈಯಿಂದ ಇನ್ನೊಂದು ಕಟ್ಟಿಸಿಕೊಳ್ಳುವವರೆಗೆ ಬಾಯಿಗೆ ಅನ್ನವಿಲ್ಲ. ಅಂಥವರು ಮಾಡಿದ ಅಡಿಗೆಯನ್ನು ಲಿಂಗ ಇದ್ದವರು ಮುಟ್ಟುವಂತೆಯೂ ಇಲ್ಲ. ನಮ್ಮ ಮನೆಯ ಕಟ್ಟು ಇದು, ಅಜ್ಜಿಯೇ ನನಗೆ ಕಲಿಸಿದ್ದು.

ವೈನಾಡಿನ ಘಾಟಿಯಲ್ಲಿ ಬಸ್ಸು ಸುತ್ತಿ ಸುತ್ತಿ ಇಳಿಯುವಾಗ ನಾನು ಅತ್ತೆಯ ಮಡಿಲಿಗೇ ವಾಂತಿ ಮಾಡಿದೆ. ಅಮ್ಮ ಮೂಗು ಮುಚ್ಚಿಕೊಂಡು ಆ ಕಡೆ ತಿರುಗಿದಳು. ಅತ್ತೆ ಸೆರಗಿನಲ್ಲಿ ನನ್ನ ಬಾಯಿ ಒರೆಸಿ, "ಸಮುದ್ರ ಅಂದ್ರೆ ಎಂಗಿರ್ತದಮ್ಮಿ?" ಅಂತ ನನ್ನನ್ನೇ ಕೇಳಿದಳು. ಹತ್ತು ವರ್ಷದ ನನಗೇನು ಗೊತ್ತು, ಮಣ್ಣಂಗಟ್ಟಿ.

ದಂಡೆಯ ಮನೆ ಬಲು ಚೆನ್ನಾಗಿತ್ತು. ಹೆಂಚಿನ ಮನೆ, ಮುಂದೆ ಮರಳು, ಆಮೇಲೆ ನೀರು. ಸಾಹುಕಾರರ ಆಳು ಬೆಳಿಗ್ಗೆಯೇ ಬಂದು ಬೇಕಾದ್ದೆಲ್ಲ ಜಗುಲಿ ಮೇಲೆ ಇಟ್ಟು ಹೋಗುತ್ತಿದ್ದ. ಅಪ್ಪ ಊರಿನಲ್ಲಿ ಒಂದು ಬಾಳೆಹಣ್ಣನ್ನು ಎರಡು ಮಾಡಿ ನನಗೂ ತಮ್ಮನಿಗೂ ಕೊಡುತ್ತಿದ್ದವನು, ಅಲ್ಲಿ ಗೊನೆಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡ. ಅಜ್ಜಿಗೆ ದಿನಾ ಪಾಯಸ ಬೇಕು. ಅಮ್ಮನಿಗೆ ಸಂಜೆ ಬಿಸಿಬಿಸಿ ಬೋಂಡ ಬೇಕು. ಬಿಟ್ಟಿ ಎಣ್ಣೆ ಅಂತ ತಲೆಗೆ, ಮೈಗೆ, ಬಾಣಲೆಗೆ ಸುರಿದದ್ದೇ ಸುರಿದದ್ದು. ಅವಷ್ಟನ್ನೂ ಬೇಯಿಸೋಳು ಅತ್ತೆ. ಅಡಿಗೆಮನೆಯ ಕಿಟಕಿ ಹಿತ್ತಿಲ ಕಡೆಗಿತ್ತು, ಸಮುದ್ರ ಕೇಳುತ್ತಿತ್ತು, ಕಾಣುತ್ತಿರಲಿಲ್ಲ. ನಾವು ಬಂದು ಮೂರು ದಿನವಾದರೂ ಅವಳು ಇನ್ನೂ ನೀರು ಮುಟ್ಟಿರಲಿಲ್ಲ.

ನಾನೇ ಹಟ ಹಿಡಿದು ಒಂದು ಬೆಳಿಗ್ಗೆ ಕೈ ಹಿಡಿದು ಎಳೆದುಕೊಂಡು ಹೋದೆ. ಅಜ್ಜಿ ಹಿಂದಿನಿಂದ ಕೂಗಿದಳು: "ಬಿರ್ನೆ ಬಾ, ಸಾರಿಗೆ ಒಗ್ಗರಣೆ ಆಕಿಲ್ಲ ಇನ್ನೂವೆ!"

ಅತ್ತೆ ಮೊಣಕಾಲುದ್ದ ನೀರಿಗಿಳಿದು ಸುಮ್ಮನೆ ನಿಂತಳು. ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ನಾಲಿಗೆಗೆ ಹಚ್ಚಿಕೊಂಡು ಮುಖ ಹುಳ್ಳಗೆ ಮಾಡಿದಳು. ಅಷ್ಟರಲ್ಲಿ ದೊಡ್ಡದೊಂದು ಅಲೆ ಬಂದು ಅವಳನ್ನು ಕೂರಿಸಿಯೇಬಿಟ್ಟಿತು. ತಲೆಯವರೆಗೂ ನೀರು. ಎದ್ದವಳು ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು! ನಮ್ಮ ಮನೆಯಲ್ಲಿ ಅಷ್ಟು ವರ್ಷ ಇದ್ದವಳು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಅಂದರೆ ಚಪ್ಪಾಳೆ ತಟ್ಟಿದೆ.

ನಗುತ್ತಲೇ ಸೆರಗು ಸರಿಮಾಡಿಕೊಳ್ಳಲು ಕೊರಳಿಗೆ ಕೈ ಹಾಕಿದಳು. ದಾರ ಇತ್ತು. ಬಟ್ಟೆಯ ಗಂಟು ಬಿಚ್ಚಿ ನೇತಾಡುತ್ತಿತ್ತು. ಲಿಂಗ ಇರಲಿಲ್ಲ.

ಅಯ್ಯೋ ಶಿವನೇ, ಆಮೇಲೆ ಅವಳು ಆ ಮರಳಿನಲ್ಲಿ ಹುಡುಕಿದ ಪಾಡು! ಮೊಣಕಾಲೂರಿಕೊಂಡು ಎರಡೂ ಕೈಯಲ್ಲಿ ಬಾಚುತ್ತಾಳೆ, ಅಲೆ ಬಂದು ಬಾಚಿದ್ದನ್ನೆಲ್ಲ ಮುಚ್ಚುತ್ತದೆ. ಬಲೆ ಒಣಹಾಕುತ್ತಿದ್ದ ಬೆಸ್ತರ ಹೆಂಗಸರು ಓಡಿಬಂದರು. ಏನು ಕಳೆಯಿತು ಅಂತ ಅವರಿಗೆ ತಿಳಿಯದು, ಚಿನ್ನ ಅಂದುಕೊಂಡರೋ ಏನೋ, ಪಾಪ, ಸೀರೆ ಎತ್ತಿಕಟ್ಟಿ ಅವಳ ಜೊತೆ ಅವರೂ ಮರಳು ಜಾಲಾಡಿದರು. ನಮ್ಮವರು ಸುದ್ದಿ ತಿಳಿದು ಬಂದು ಒಣಮರಳಿನ ಮೇಲೆ ನಿಂತರು. ಒಬ್ಬರಾದರೂ ಬಗ್ಗಲಿಲ್ಲ. ಅಜ್ಜಿ ಒಂದೇ ಮಾತು ಕೇಳಿದ್ದು: "ನಿನ್ನನ್ನ ನೀರಿಗೆ ಇಳಿ ಅಂದೋರು ಯಾರೇ?"

ಒಳಗೆ ಬಂದ ಮೇಲೆ ಅತ್ತೆ ಒದ್ದೆ ಸೀರೆಯಲ್ಲೇ ಅಪ್ಪನ ಮುಂದೆ ನಿಂತು ಬೇಡಿಕೊಂಡಳು. "ಅಣ್ಣಾ, ನಾಳೆ ಬೆಳಗಿನ ಬಸ್ಸಿಗೆ ಹತ್ತುಸ್ಬುಡಣ್ಣಾ. ನೀವೆಲ್ಲ ಇರಿ, ನಾನೊಬ್ಳೇ ಮಠಕ್ಕೆ ಓಯ್ತೀನಿ. ಕಟ್ಟುಸ್ಕೊಂಡ್ರೆ ತಾನೆ ನಾನು ಒಂದು ತುತ್ತು ಉಣ್ಣೋದು?"

ನ್ಯಾಯವಾದ ಮಾತು. ನಾನಾಗಿದ್ದರೆ ಅವತ್ತೇ ಹೊರಡಿಸುತ್ತಿದ್ದೆ. ಅಪ್ಪ ಅಜ್ಜಿಯ ಮುಖ ನೋಡಿದ. ಅಜ್ಜಿ ಅಮ್ಮನ ಮುಖ ನೋಡಿದಳು. ಅಮ್ಮ ಹೇಳಿದಳು: "ನನ್ನ ಯಾಕೆ ನೋಡೀರಿ? ನಾನೂ ಸಮುದ್ರ ನೋಡಕ್ಕೆ ಬಂದಿರೋದು, ಒಲೆ ಊದಕ್ಕಲ್ಲ."

ಅಲ್ಲಿಗೆ ತೀರ್ಮಾನ ಆಯಿತು. ಸಾಹುಕಾರರು ಹೇಳಿದ ವಾರ ಮುಗಿಯುವವರೆಗೆ ಯಾರೂ ಹೊರಡೋದಿಲ್ಲ. ಅತ್ತೆ ಉಣ್ಣುವಂತಿಲ್ಲ, ಅದು ಶಾಸ್ತ್ರ. ಆದರೆ ಅಡಿಗೆ ಮಾಡಬಹುದು. ಅದು ಹೇಗೆ ಅಂತ ನಾನು ಕೇಳಿದೆ. ಅಜ್ಜಿ, "ಪರಸ್ಥಳದಲ್ಲಿ ದೋಷ ಇಲ್ಲ ಕಣಮ್ಮಿ, ಸುಮ್ಕಿರು" ಅಂದಳು. ಪರಸ್ಥಳದಲ್ಲಿ ಅಡಿಗೆಗೆ ದೋಷವಿಲ್ಲ, ಊಟಕ್ಕೆ ಮಾತ್ರ ದೋಷ! ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ಮೀನು ಮುಟ್ಟದ ನಮ್ಮವರೇ ಕಲ್ಲಿಕೋಟೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗಾಳ ಹಾಕಿದರು.

ನೀರಿನ ವಿಷಯಕ್ಕೂ ಪಂಚಾಯ್ತಿ ನಡೆಯಿತು. ಅಪ್ಪನಿಗೆ ಸ್ವಲ್ಪ ಕರುಣೆ ಹುಟ್ಟಿ, "ಎಳನೀರಾದ್ರೂ ಕುಡೀಲಿ ಬುಡವ್ವ" ಅಂದ. ಹಿತ್ತಿಲಲ್ಲಿ ರಾಶಿ ಬಿದ್ದಿತ್ತು, ಕೇಳೋರಿರಲಿಲ್ಲ. ಅಜ್ಜಿ, "ಎಳನೀರು ಆಹಾರ ಕಣ್ಲಾ, ಅದ್ರೊಳಗೆ ಗಂಜಿ ಇರ್ತದೆ. ಬರೀ ನೀರು ಕುಡೀಲಿ" ಅಂದು, ತಾನೇ ಒಂದು ಎಳನೀರು ಕೆತ್ತಿಸಿಕೊಂಡು ಕುಡಿದಳು.

ಆಮೇಲಿನ ಊಟಗಳನ್ನು ನಾನು ಈಗಲೂ ಮರೆತಿಲ್ಲ. ಅತ್ತೆ ಅಕ್ಕಿ ತೊಳೆಯೋಳು, ಕಾಯಿ ತುರಿಯೋಳು, ಹೊಗೆಯಲ್ಲಿ ಕಣ್ಣು ಒರೆಸಿಕೊಂಡು ಪಾಯಸ ತಿರುವೋಳು. ಉಪ್ಪು ನೋಡೋಕೂ ನಾಲಿಗೆಗೆ ಹಚ್ಚುವಂತಿಲ್ಲ. ಒಂದು ದಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಅಮ್ಮ ಎಲೆ ತಳ್ಳಿ, "ಬೇಕೂಂತ ಆಕವಳೆ, ನಾವು ಉಣ್ಣೋದು ನೋಡಿ ಒಟ್ಟೆ ಉರಿ ಇವಳ್ಗೆ" ಅಂದಳು. ಅತ್ತೆ ಇನ್ನೊಂದು ಸಾರು ಕುದಿಸಿದಳು. ನಾನು ಲಂಗದಲ್ಲಿ ಬಾಳೆಹಣ್ಣು ಬಚ್ಚಿಟ್ಟುಕೊಂಡು ಹೋಗಿ ಕೊಟ್ಟರೆ, ನನ್ನ ಕೆನ್ನೆ ಸವರಿ ವಾಪಸ್ಸು ಕೊಟ್ಟಳು. "ಬ್ಯಾಡ ಕಣವ್ವ, ಅದಿಲ್ದೆ ಉಂಡ್ರೆ ನಾನು ಮನುಷ್ಯಳೇ ಅಲ್ಲ." ಅದೇ ನೋಡಿ ಸಂಕಟ. ಆ ಕಟ್ಟನ್ನು ನಿಜವಾಗಿ ನಂಬಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ.

ಕಡೆಕಡೆಗೆ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ಬಡಿಸುವಾಗ ತುಪ್ಪ ಎಲೆಯಾಚೆ ಬೀಳುತ್ತಿತ್ತು. ಅಪ್ಪನಿಗೆ ತುಪ್ಪ ಹಾಳಾಯಿತು ಅಂತ ಮರುಕ, ಬಿಟ್ಟಿ ತುಪ್ಪಕ್ಕೆ. ಹೊರಡೋ ದಿನವೂ ಅವಳ ಕೈಯಲ್ಲೇ ದಾರಿಗೆ ಚಿತ್ರಾನ್ನ ಕಟ್ಟಿಸಿಕೊಂಡು ಬಸ್ಸು ಹತ್ತಿದರು. ಘಾಟಿ ಹತ್ತುವಾಗ ಅತ್ತೆ ಎಚ್ಚರ ತಪ್ಪಿ ನನ್ನ ಮೇಲೆ ಒರಗಿದಳು. ಮುಂದಿನ ಸೀಟಿನಲ್ಲಿದ್ದ ನಮ್ಮೂರಿನ ಸಾಬರೊಬ್ಬರು, ಪಾತ್ರೆಗೆ ಕಲಾಯಿ ಹಾಕೋರು, ತಿರುಗಿ ನೋಡಿ, "ಅಮ್ಮಾ, ಇವರಿಗೆ ಏನಾದರೂ ತಿನ್ನಿಸಿ, ಮೈ ತಣ್ಣಗಾಗ್ತಾ ಇದೆ" ಅಂದರು. "ಅವಳಿಗೆ ಬಸ್ಸು ಆಗಲ್ಲ" ಅಂದಳು ಅಜ್ಜಿ, ಚಿತ್ರಾನ್ನದ ತುತ್ತು ಬಾಯಲ್ಲಿಟ್ಟುಕೊಂಡು.

ಗುಂಡ್ಲುಪೇಟೆಯಲ್ಲಿ ಸಾಮಾನು ಇಳಿಸಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಚಾಮರಾಜನಗರದಾಚೆಯ ನಮ್ಮ ಮಠಕ್ಕೆ ಹೋದೆವು. ವಯಸ್ಸಾದ ಸ್ವಾಮಿಗಳು ಅತ್ತೆಯನ್ನು ನೋಡಿದವರೇ ಗದ್ದುಗೆಯಿಂದ ಎದ್ದುಬಿಟ್ಟರು. ಅಜ್ಜಿ ಸಮುದ್ರದ ಕಥೆ ಹೇಳಿದಳು. ಸ್ವಾಮಿಗಳು ಕೇಳಿದರು: "ಸಮುದ್ರ ಕೊಂಡೊಯ್ದರೆ ಇವಳೇನು ಮಾಡ್ತಾಳೆ? ಆದರೆ ಅವತ್ತೇ ಯಾಕೆ ಕರಕೊಂಡು ಬರಲಿಲ್ಲ? ಇಷ್ಟು ದಿನ ಅಡಿಗೆ ಯಾರು ಮಾಡಿದರು?"

ಉಳಿದವರೂ ನಿಯಮ ತಪ್ಪಿದ್ದಾರೆ ಅನ್ನೋದು ಆಗ ಹೊರಬೀಳಬೇಕಿತ್ತು. ಅಜ್ಜಿಯ ರೆಪ್ಪೆ ಕೂಡ ಅಲುಗಲಿಲ್ಲ.

"ಅಯ್ಯೋ, ನಂಗೇನು ಗೊತ್ತು ಬುದ್ಧಿ? ಇವ್ಳು ಬಾಯೇ ಬುಡ್ಲಿಲ್ಲ. ಕಳ್ಕೊಂಡು, ಮುಚ್ಚಿಟ್ಕೊಂಡು, ನಮ್ಗೆಲ್ಲ ಬೇಯ್ಸಿ ಆಕವಳೆ. ಇವತ್ತು ಬಸ್ನಲ್ಲಿ ಗೊತ್ತಾದದ್ದು."

ಸ್ವಾಮಿಗಳು ಅಪ್ಪನ ಕಡೆ ತಿರುಗಿದರು. ಅಪ್ಪ ಕಂಬ ನೋಡುತ್ತಾ, "ಊಂ ಬುದ್ಧಿ, ನಂಗೂ ಗೊತ್ತಿರ್ಲಿಲ್ಲ" ಅಂದ. ಅಮ್ಮ ತಲೆಯಾಡಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಗೊತ್ತಿತ್ತು! ಅಜ್ಜೀನೇ ಅಡಿಗೆ ಮಾಡು ಅಂದದ್ದು!" ಅಂತ ಕಿರುಚಿದೆ. ಅಮ್ಮ ತೊಡೆ ಚಿವುಟಿದ ರಭಸಕ್ಕೆ ಮುಂದಿನ ಮಾತು ಅಳುವಾಯಿತು.

ಅತ್ತೆ ಹೆತ್ತ ತಾಯಿಯನ್ನು ಒಂದು ಗಳಿಗೆ ನೋಡಿದಳು. ಸ್ವಾಮಿಗಳ ಕಡೆಗಾಗಲೀ ನನ್ನ ಕಡೆಗಾಗಲೀ ನೋಡಲಿಲ್ಲ.

ಸ್ವಾಮಿಗಳು ಇನ್ನೇನೂ ಕೇಳದೆ ಅವಳನ್ನು ಸ್ನಾನಕ್ಕೆ ಕಳಿಸಿ, ಹೊಸ ಲಿಂಗ ಕಟ್ಟಿ, ತಾವೇ ಮುಂದೆ ಕೂತು ಗಂಜಿ ಕುಡಿಸಿದರು. ಮೊದಲ ಗುಟುಕು ಹೊರಕ್ಕೇ ಬಂತು. ನಿಧಾನವಾಗಿ, ಚೂರುಚೂರೇ ಕುಡಿಸಿದರು. ಬಣ್ಣ ಬಂದ ಮೇಲೆ ಅಪ್ಪ ಎದ್ದು, "ಸರಿ, ಓಗನ ನಡಿ" ಅಂದ.

ಅತ್ತೆ ಕೂತಲ್ಲಿಂದಲೇ ಹೇಳಿದಳು: "ಬುದ್ಧಿ, ನಾನು ಇವರ ಜೊತೆ ಓಗಲ್ಲ. ಇಲ್ಲೇ ದಾಸೋಹದ ಮನೇಲಿ ಪಾತ್ರೆ ಬೆಳಗ್ತೀನಿ, ಒಂದು ಮೂಲೆ ಕೊಡಿ." ಸ್ವಾಮಿಗಳು ಆಗಲಿ ಅಂದರು.

ಅಜ್ಜಿಗೆ ಆಗ ಕಣ್ಣೀರು ಬಂತು, ನಿಜವಾದ ಕಣ್ಣೀರು. "ಅಂಗಾರೆ ನಾಳೆ ಬೆಳಿಗ್ಗೆ ನಮ್ಗೆ ಬೇಯ್ಸಿ ಆಕೋರು ಯಾರೇ?"

ಮುಂದಿನ ವರ್ಷ ಹಬ್ಬಕ್ಕೆ ನಾವು ಮಠಕ್ಕೆ ಹೋದಾಗ ದಾಸೋಹದ ಸಾಲಿನಲ್ಲಿ ಕೂತೆವು. ಅತ್ತೆ ಅನ್ನದ ಬಕೆಟ್ಟು ಹಿಡಿದು ಬಂದಳು. ಮೈಕೈ ತುಂಬಿಕೊಂಡಿದ್ದಳು. ಅಪ್ಪನಿಗೆ ಬಡಿಸಿದಳು, ಅಮ್ಮನಿಗೆ ಬಡಿಸಿದಳು, ತಮ್ಮನಿಗೂ ನನಗೂ ಒಂದೊಂದು ಸೌಟು ಜಾಸ್ತಿಯೇ ಹಾಕಿದಳು. ನನ್ನ ಪಕ್ಕದ ಎಲೆ ಅಜ್ಜಿಯದು. ಅದನ್ನು ದಾಟಿಕೊಂಡು ಮುಂದಕ್ಕೆ ಹೋದಳು.

ಮರೆತಳು ಅಂದುಕೊಂಡೆವು. ಸಾರು ಬಂತು, ಪಲ್ಯ ಬಂತು, ಎಲ್ಲರೂ ಕಲೆಸಿಕೊಂಡರು. ಎರಡನೇ ಸುತ್ತಿಗೆ ಅನ್ನ ತಂದಳು. ಮತ್ತೆ ದಾಟಿದಳು. ಅಜ್ಜಿ ಅನ್ನವಿಲ್ಲದ ಎಲೆಯ ಮುಂದೆ ಕೈ ಕಟ್ಟಿ ಕೂತಿದ್ದಳು, ಸಾಲಿನ ಮಧ್ಯೆ ಎದ್ದುಹೋಗುವಂತಿಲ್ಲ. ಊರವರೆಲ್ಲ ನೋಡುತ್ತಿದ್ದರು. ಕಡೆಗೆ ಸಣ್ಣ ದನಿಯಲ್ಲಿ, "ಮಗಾ, ನನ್ನ ಎಲೆಗೆ ಅನ್ನ ಬಿದ್ದಿಲ್ಲ ಕಣೇ" ಅಂದಳು.

ಅತ್ತೆ ನಿಂತಳು. ಎಲೆ ನೋಡಿದಳು, ತಾಯಿಯ ಮುಖ ನೋಡಿದಳು.

"ಅಯ್ಯೋ, ನಂಗೇನು ಗೊತ್ತವ್ವಾ?" ಅಂದು ಮುಂದಿನ ಎಲೆಗೆ ಹೋದಳು.