ಬೆವರುವ ಊರಿಗೊಂದು ಹೀಟ್ ಪಂಪ್

ವರ್ಷವಿಡೀ ಬೆವರಿಳಿಯುವ ಸಿಂಗಪುರದಲ್ಲಿ, ಮನೆಗೊಂದು ಬಿಸಿನೀರಿನ ಯಂತ್ರ ಆರಿಸಲು ನಾನು ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಅಷ್ಟು ಖುಷಿಯ ತಿಂಗಳು ನನಗೆ ಈಚೆಗೆ ಸಿಕ್ಕಿರಲಿಲ್ಲ.

ಶುರುವಾದದ್ದು ಅಮ್ಮನಿಂದ. ಉಡುಪಿಯಿಂದ ನಮ್ಮ ಜೊತೆಗಿರಲು ಬಂದ ಅಮ್ಮನಿಗೆ ಚೋವಾ ಚು ಕಾಂಗ್‌ನ ನಮ್ಮ ಫ್ಲ್ಯಾಟು ತುಂಬ ಹಿಡಿಸಿತ್ತು. ಬೆಳಿಗ್ಗೆ ಕಟ್ಟಡದಡಿಯ ತೆರೆದ ಜಾಗಕ್ಕೆ, ಇಲ್ಲಿಯವರ ಮಾತಿನ ವಾಯ್ಡ್ ಡೆಕ್‌ಗೆ, ಇಳಿದು ಚೀನೀ ಅಜ್ಜಿಯರ ಸಾಲಿನಲ್ಲಿ ನಿಂತು ಕೈಕಾಲು ಆಡಿಸಿ ಬರುತ್ತಿದ್ದಳು. ಹಿಡಿಸದಿದ್ದದ್ದು ಒಂದೇ, ಸ್ನಾನ. ನಮ್ಮ ಬಚ್ಚಲಿನ ಗೋಡೆಯ ಮೇಲೆ ಇದ್ದದ್ದು ಪುಸ್ತಕದಷ್ಟು ದೊಡ್ಡ ಹೀಟರು. ನೀರು ಅದರೊಳಗೆ ಹರಿಯುವಾಗಷ್ಟೇ ಒಂದಿಷ್ಟು ಬೆಚ್ಚಗಾಗುತ್ತದೆ. ಶವರಿಗೆ ಅದು ಸಾಕು. ಬಕೆಟ್ ತುಂಬಬೇಕೆಂದರೆ ಸಣ್ಣ ಧಾರೆಯಲ್ಲಿ ಹಿಡಿಯಬೇಕು, ಬಕೆಟ್ ತುಂಬುವಷ್ಟರಲ್ಲಿ ನೀರು ಆರಿರುತ್ತದೆ. ಶನಿವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಅಮ್ಮ ಬಚ್ಚಲಿನ ಸ್ಟೂಲ್ ಮೇಲೆ ಕಾಯುತ್ತ ಕೂರುತ್ತಿದ್ದಳು.

"ಇದು ಕಾಯಿಸಿದ ನೀರಲ್ಲ ಮಾರಾಯ್ತಿ, ಬಿಸಿಲಲ್ಲಿ ಮರೆತು ಇಟ್ಟ ನೀರು," ಎಂದಳು ಒಂದು ದಿನ.

"ದೊಡ್ಡ ಟ್ಯಾಂಕ್ ಇರೋ ಹೀಟರ್ ಬುಕ್ ಮಾಡ್ತೀನಿ ಬಿಡಿ ಅತ್ತೆ, ಅರ್ಧ ದಿನದ ಕೆಲಸ," ಎಂದ ನನ್ನ ಗಂಡ. ಅವನು ಮೈಸೂರಿನವನು, ಸಾಫ್ಟ್‌ವೇರ್ ಕೆಲಸ, ಎಲ್ಲವನ್ನೂ ಫೋನಿನಲ್ಲೇ ಮುಗಿಸುವ ಸ್ವಭಾವ.

ಅವನು ಬುಕ್ ಮಾಡಿಯೂ ಬಿಡುತ್ತಿದ್ದ. ಆದರೆ ಮರುದಿನ ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಜುರಾಂಗ್ ಐಲ್ಯಾಂಡ್‌ಗೆ ಹೋಗುವಾಗ, ಕಿಟಕಿಯಾಚೆಯ ಬ್ಲಾಕುಗಳನ್ನು ನೋಡುತ್ತ ನನಗೊಂದು ಯೋಚನೆ ಹೊಳೆಯಿತು. ನಾನು ಅಲ್ಲಿನ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಪ್ರಾಸೆಸ್ ಎಂಜಿನಿಯರ್. ಒಂದು ಕೊಳವೆಯಲ್ಲಿ ಬೇಡವಾದ ಶಾಖವನ್ನು ಅದು ಬೇಕಾದ ಇನ್ನೊಂದು ಕೊಳವೆಗೆ ದಾಟಿಸುವುದೇ ನನ್ನ ದಿನನಿತ್ಯದ ಕೆಲಸ. ಅಲ್ಲಿ ಶಾಖ ಪೋಲಾದರೆ ನನಗೆ ಸಿಟ್ಟು ಬರುತ್ತದೆ. ಇಲ್ಲಿ ನೋಡಿದರೆ ಇಡೀ ಊರಿನ ಗಾಳಿಯೇ ಶಾಖ ತುಂಬಿಕೊಂಡು ಬಿದ್ದಿದೆ, ನಾವು ಮಾತ್ರ ಕರೆಂಟು ಸುಟ್ಟು ನೀರು ಕಾಯಿಸುತ್ತೇವೆ! ಗಾಳಿಯ ಬಿಸಿಯನ್ನೇ ಹೀರಿ ನೀರಿಗೆ ಕೊಡುವ ಹೀಟ್ ಪಂಪ್ ನಮ್ಮ ಮನೆಗೆ ಯಾಕಾಗಬಾರದು? ಬಸ್ಸು ಗೇಟು ತಲುಪುವ ಮೊದಲೇ ಗಂಡನಿಗೆ ಮೆಸೇಜು ಹಾಕಿದೆ: ಬುಕ್ ಮಾಡಬೇಡ.

ಸಂಜೆ ಅವನು ನಕ್ಕುಬಿಟ್ಟ. "ಹೀಟ್ ಪಂಪಾ? ಅದು ಹಿಮ ಬೀಳೋ ಊರಲ್ಲಿ ಮನೆ ಬೆಚ್ಚಗಿಡೋಕೆ ಹಾಕಿಸ್ಕೋತಾರೆ. ಸಿಂಗಪೂರಲ್ಲಿ ಯಾರಾದ್ರೂ ಕೇಳಿದ್ರೆ ಏನಂದ್ಕೋತಾರೆ?"

"ಅಲ್ಲಿ ಕೊರೆಯೋ ಗಾಳಿಯಿಂದ ಬಿಸಿ ಹೆಕ್ಕಬೇಕು, ಒದ್ದಾಡತ್ತೆ. ಇಲ್ಲಿ ಗಾಳಿನೇ ಬಿಸಿ. ಅದಕ್ಕೆ ಇದಕ್ಕಿಂತ ಒಳ್ಳೆ ಊರು ಎಲ್ಲಿ ಸಿಗತ್ತೆ?"

ಒಂಬತ್ತು ವರ್ಷದ ಮಗಳು ಹೋಮ್‌ವರ್ಕಿನಿಂದ ತಲೆಯೆತ್ತದೆ, ಸಿಂಗಪುರದ ಮಕ್ಕಳ ಧಾಟಿಯಲ್ಲಿ ಹೇಳಿದಳು: "ಅಪ್ಪಾ, ಫ್ರಿಜ್ ಉಲ್ಟಾ ಲಾ. ಸೋ ಈಸಿ."

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಊಟದ ಟೇಬಲ್ಲಿನ ಮೇಲೆ ಕ್ಯಾಟಲಾಗುಗಳು ಬಿದ್ದವು. ಅಡುಗೆಮನೆಯ ಹಿಂದಿನ ಬಟ್ಟೆ ಒಣಗಿಸುವ ಜಾಗವನ್ನು ಟೇಪು ಹಿಡಿದು ಮೂರು ಸಲ ಅಳೆದೆ. ಎರಡು ಬಗೆ ಇದ್ದವು. ಒಂದರಲ್ಲಿ ಫ್ಯಾನು, ಕಂಪ್ರೆಸರು ಎಲ್ಲ ಎಸಿಯ ಹಾಗೆ ಹೊರಗೆ, ಟ್ಯಾಂಕು ಒಳಗೆ. ಇನ್ನೊಂದರಲ್ಲಿ ಟ್ಯಾಂಕಿನ ನೆತ್ತಿಯ ಮೇಲೆಯೇ ಯಂತ್ರ, ಎಲ್ಲ ಒಂದೇ ಕಂಬದಲ್ಲಿ. ಸದ್ದು ಹೊರಗಿರಲಿ ಎಂದು ಗಂಡನ ಮತ ಮೊದಲನೆಯದಕ್ಕೆ. ನನ್ನ ಮನಸ್ಸು ಎರಡನೆಯದರ ಮೇಲೆ. ಗಾಳಿಯ ಬಿಸಿ ಹೀರಿದ ಮೇಲೆ ಅದು ಬಿಡುವ ತಣ್ಣನೆಯ ಒಣಗಾಳಿ ನಮ್ಮ ಸೆಕೆಯ ಅಡುಗೆಮನೆಯ ಬೆನ್ನಿಗೇ ಬೀಸುತ್ತದಲ್ಲ!

ವಾದ ಮುಗಿಯದೆ ಒಂದು ಭಾನುವಾರ ನಾಲ್ವರೂ ಟೋವಾ ಪಾಯೋದ ಹೀಟರ್ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯ ಆಂಟಿ ಮೊದಲು ನಮ್ಮನ್ನು ಅನುಮಾನದಿಂದಲೇ ನೋಡಿದರು. ಫ್ಲ್ಯಾಟಿನವರು ಇದನ್ನು ಕೇಳುವುದೇ ಇಲ್ಲವಂತೆ. ದಿನಕ್ಕೆ ಎಷ್ಟು ಬಿಸಿನೀರು ಬೇಕು ಎಂದು ಅವರು ಕೇಳಿದ್ದನ್ನು ನಾನು ಅಮ್ಮನಿಗೆ ದಾಟಿಸಿದೆ: "ಅಮ್ಮ, ನಿನಗೆ ಎಷ್ಟು ಬಕೆಟ್ ಬೇಕು?"

"ಶನಿವಾರಕ್ಕಾ, ಬೇರೆ ದಿನಕ್ಕಾ?"

"ಶನಿವಾರಕ್ಕೇ ಹೇಳು."

"ಎಣ್ಣೆ ಹೋಗುವಷ್ಟು," ಎಂದಳು ಅಮ್ಮ ಗಂಭೀರವಾಗಿ. ಹಾಗಾಗಿ ದೊಡ್ಡ ಟ್ಯಾಂಕೇ ಬೇಕೆಂದು ತೀರ್ಮಾನವಾಯಿತು.

ಸದ್ದಿನ ಬಗ್ಗೆ ಗಂಡ ಬಿಡಲಿಲ್ಲ. ಆಗ ಆಂಟಿ ಅಂಗಡಿಯನ್ನು ಸಹಾಯಕಿಗೆ ಒಪ್ಪಿಸಿ, "ಬನ್ನಿ, ಓಡ್ತಾ ಇರೋದನ್ನೇ ತೋರಿಸ್ತೀನಿ," ಎಂದು ಇಂಗ್ಲಿಷಿನಲ್ಲಿ ಹೇಳಿ, ಎರಡು ಬ್ಲಾಕ್ ಆಚೆಗಿನ ಒಂದು ಹೇರ್ ಸಲೂನಿಗೆ ಕರೆದುಕೊಂಡು ಹೋದರು. ಸಲೂನಿನ ಯಜಮಾನಿ ಇವರ ಗೆಳತಿ. ಗಿರಾಕಿಗಳ ತಲೆ ತೊಳೆಯಲು ಅಲ್ಲಿ ದಿನವಿಡೀ ಬಿಸಿನೀರು ಬೇಕು. ಹಿಂಬದಿಯ ಸಣ್ಣ ಕೋಣೆಯಲ್ಲಿ ನಾನು ಚಿತ್ರದಲ್ಲಷ್ಟೇ ನೋಡಿದ್ದ ಬಿಳಿ ಕಂಬ ನಿಂತಿತ್ತು, ಓಡುತ್ತಿತ್ತು. ನಾನು ಬಗ್ಗಿ ಅದರ ಕೊಳವೆಗಳನ್ನು ಒಂದೊಂದಾಗಿ ನೋಡಿದೆ.

ಗಂಡ ಅದಕ್ಕೆ ಕಿವಿಯಿಟ್ಟು ನಿಂತ. ಅಮ್ಮ ಮೇಲಿನ ಜಾಲರಿಯ ಮುಂದೆ ಕೈ ಹಿಡಿದಳು, ಹಿಡಿದವಳೇ ನನ್ನ ಕಡೆ ತಿರುಗಿದಳು.

"ಎಂತ ಇದು? ನೀರು ಕಾಯಿಸುವ ಮಿಷನ್ ಕೇಳಿದ್ರೆ ಎಸಿ ತೋರಿಸ್ತಾರಲ್ಲ! ಗಾಳಿ ತಣ್ಣಗೆ ಬರ್ತಾ ಉಂಟು."

"ಅದೇ ಅಮ್ಮ. ಗಾಳಿಯ ಬಿಸಿಯನ್ನೆಲ್ಲ ನೀರಿಗೆ ಕೊಟ್ಟಾಯ್ತು. ಉಳಿದ ತಂಪು ಹೊರಗೆ ಬರ್ತದೆ."

"ಬೆಂಕಿ ಇಲ್ವಾ?"

"ಇಲ್ಲ."

"ಹಾಗಾದ್ರೆ ನೀರು ಎಂತ ಬಿಸಿ ಆಗ್ತದೆ!"

ಅಮ್ಮನ ಮುಖ ನೋಡಿಯೇ ಸಲೂನಿನ ಯಜಮಾನಿಗೆ ವಿಷಯ ಗೊತ್ತಾಯಿತು. ತಲೆ ತೊಳೆಯುವ ಕುರ್ಚಿಯನ್ನು ತಟ್ಟಿ, ಬಾ ಎಂಬಂತೆ ಸನ್ನೆ ಮಾಡಿದರು. ಅಮ್ಮ ಗಾಬರಿಯಾದಳು. ಎಪ್ಪತ್ತೆರಡು ವರ್ಷದಲ್ಲಿ ಅವಳು ಒಂದು ಸಲವೂ ಅಂಗಡಿಯಲ್ಲಿ ತಲೆ ತೊಳೆಸಿಕೊಂಡವಳಲ್ಲ. ಒಳಗೆ ಕೂತ ಹೆಂಗಸರನ್ನು ನೋಡಿದಳು, ಅಳಿಯನನ್ನು ನೋಡಿದಳು. ಅವನು ಮೆಲ್ಲಗೆ ಮಗಳನ್ನು ಕರೆದುಕೊಂಡು ಬಾಗಿಲಾಚೆ ಹೋದ.

"ಹೋಗು ಅಮ್ಮ, ನಾನಿದ್ದೇನೆ," ಎಂದೆ.

ಅವಳು ಬಿಳಿ ಜಡೆಯನ್ನು ತಾನೇ ಬಿಚ್ಚಿಕೊಂಡು ಕುರ್ಚಿಯಲ್ಲಿ ಒರಗಿದಳು. ಮೈ ಬಿಗಿಯಾಗಿತ್ತು. ನೀರು ನೆತ್ತಿಗೆ ಬಿದ್ದಾಗ ಕಣ್ಣು ಮುಚ್ಚಿದಳು. ಮೆಲ್ಲಗೆ ಅವಳ ಕೈಬೆರಳುಗಳು ಸಡಿಲವಾದದ್ದನ್ನು ನಾನು ನೋಡಿದೆ.

"ಇನ್ನೂ ಸ್ವಲ್ಪ ಬಿಸಿ," ಎಂದಳು ಅಮ್ಮ, ಕನ್ನಡದಲ್ಲೇ.

ಯಜಮಾನಿ ನಲ್ಲಿ ತಿರುಗಿಸಿದರು.

"ಇನ್ನೂ."

ಮತ್ತೆ ತಿರುಗಿಸಿದರು. "ಹಾಂ!" ಎಂದಳು ಅಮ್ಮ, ಇಡೀ ಸಲೂನಿಗೆ ಕೇಳುವಂತೆ. ಸಾಲಿನಲ್ಲಿ ಕೂತ ಹೆಂಗಸರೆಲ್ಲ ನಕ್ಕರು. ನನಗೆ ನಗುವಿನ ಜೊತೆ ಕಣ್ಣೂ ತುಂಬಿತು.

ತಲೆಗೆ ಟವೆಲ್ ಸುತ್ತಿಕೊಂಡು ಹೊರಬಂದವಳೇ ಹೇಳಿದಳು: "ಇದನ್ನೇ ತೆಕ್ಕೊಳ್ಳಿ. ಬೇರೆಯದ್ದು ನೋಡುದು ಬೇಡ."

"ಸೌಂಡೂ ಅಷ್ಟೇನಿಲ್ಲ," ಎಂದ ಗಂಡ. "ಮುಗೀತು ಬಿಡು, ಅತ್ತೆ ಡಿಸೈಡ್ ಮಾಡಿ ಆಯ್ತು."

ಫ್ಲ್ಯಾಟಿನಲ್ಲಿ ಹಾಕಿಸಲು ಬೇಕಾದ ಅನುಮತಿಯ ಕಾಗದಗಳನ್ನು ಅಂಗಡಿಯವರೇ ಮಾಡಿಸಿಕೊಟ್ಟರು. ಒಂದು ಮಂಗಳವಾರ ನಾನೂ ಗಂಡನೂ ರಜೆ ಹಾಕಿದೆವು. ಇಬ್ಬರು ಕೆಲಸಗಾರರು ಪೆಟ್ಟಿಗೆ ಬಿಚ್ಚಿ, ಯಂತ್ರವನ್ನು ಹಾಲ್ ದಾಟಿಸಿ, ಅಡುಗೆಮನೆಯ ಬಾಗಿಲಿಗೆ ತಂದು ನಿಲ್ಲಿಸಿದರು. ಅಲ್ಲಿಗೆ ನಿಂತಿತು. ಹಿಂದಿನ ಜಾಗವನ್ನು ಮೂರು ಸಲ ಅಳೆದಿದ್ದ ನಾನು, ಅಲ್ಲಿಗೆ ಹೋಗುವ ಬಾಗಿಲನ್ನು ಒಂದು ಸಲವೂ ಅಳೆದಿರಲಿಲ್ಲ! ಹಡಗಿನಂಥ ಯಂತ್ರಗಳನ್ನು ಜಾಗಕ್ಕೆ ಕೂರಿಸುವ ಪ್ಲ್ಯಾನುಗಳಿಗೆ ಸಹಿ ಹಾಕುವ ಎಂಜಿನಿಯರ್ ನಾನು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಆಫೀಸಲ್ಲಿ ಹೇಳಲ್ಲ ಬಿಡು," ಎಂದ ಗಂಡ. ಫೋನಿನಲ್ಲಿ ವಿಡಿಯೋ ತೆಗೆಯುತ್ತಲೇ ಇದ್ದ.

ಕೆಲಸಗಾರರಲ್ಲಿ ಹಿರಿಯನಾದವನು ಏನೂ ಆಗಿಲ್ಲವೆಂಬಂತೆ ಸ್ಕ್ರೂಡ್ರೈವರ್ ತೆಗೆದು, ಬಾಗಿಲನ್ನು ಚೌಕಟ್ಟಿನಿಂದ ಕಳಚಿ ಗೋಡೆಗೆ ಒರಗಿಸಿದ. ಯಂತ್ರ ಒಂದು ಬೆರಳಿನ ಅಂತರದಲ್ಲಿ ದಾಟಿತು.

ಮಧ್ಯಾಹ್ನ ಸ್ವಿಚ್ ಹಾಕಿದರು. ಇದು ಅವಸರದ ಯಂತ್ರವಲ್ಲ, ಟ್ಯಾಂಕಿಡೀ ಕಾಯಲು ಗಂಟೆಗಟ್ಟಲೆ ಬೇಕು ಎಂದು ಎಲ್ಲರಿಗೂ ಹೇಳಿದ್ದೆ. ಆದರೂ ಯಾರೂ ಅಲ್ಲಿಂದ ಕದಲಲಿಲ್ಲ. ಶಾಲೆಯಿಂದ ಬಂದ ಮಗಳು ಯೂನಿಫಾರ್ಮಿನಲ್ಲೇ ನೆಲದ ಮೇಲೆ ಕೂತು, ಪುಟ್ಟ ಪರದೆಯ ಮೇಲೆ ನೀರಿನ ಉಷ್ಣತೆಯ ಅಂಕಿ ಏರಿದಂತೆಲ್ಲ ಕ್ರಿಕೆಟ್ ಸ್ಕೋರಿನ ಹಾಗೆ ಕೂಗಿ ಹೇಳಿದಳು. ಅಂಕಿ ಐವತ್ತು ಮುಟ್ಟಿದಾಗ ಚಪ್ಪಾಳೆ ಹೊಡೆದೆವು. ತಿರುಗಿ ನೋಡಿದರೆ ಅಮ್ಮ ಆಗಲೇ ತಲೆಗೆ ಎಣ್ಣೆ ಹಚ್ಚಿಕೊಂಡು, ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದಾಳೆ!

"ಇವತ್ತು ಮಂಗಳವಾರ, ಅಮ್ಮ."

"ಇರ್ಲಿ, ನೀರಿಗೆ ವಾರ ಗೊತ್ತುಂಟಾ?"

ಬಚ್ಚಲಿನಿಂದ ದಪ್ಪ ಧಾರೆ ಬಕೆಟ್ಟಿಗೆ ಬೀಳುವ ಸದ್ದು ಬಂತು. ಬಾಗಿಲ ಸಂದಿಯಿಂದ ಹಬೆ ಹೊರಬಂತು. ಆ ಮನೆಯಲ್ಲಿ ಬಚ್ಚಲಿನಿಂದ ಹಬೆ ಬಂದದ್ದು ಅದೇ ಮೊದಲು. ಆಮೇಲೆ ಒಳಗಿನಿಂದ ಅಮ್ಮನ ಕೂಗು:

"ಮಗಾ! ಎರಡು ಚೊಂಬು ತಣ್ಣೀರು ಬೆರೆಸಬೇಕಾಯ್ತು! ಸುಡ್ತದೆ ಇದು!"

ಯಾವ ಬಾಸ್‌ನ ಹೊಗಳಿಕೆಯೂ ನನ್ನನ್ನು ಅಷ್ಟು ಕುಣಿಸಿರಲಿಲ್ಲ. ಗಂಡನ ಭುಜಕ್ಕೆ ಗುದ್ದಿದೆ. ಅವನು ಮೊಬೈಲಿನಲ್ಲಿ ಆ ಕೂಗನ್ನೂ ಹಿಡಿದಿದ್ದ.

ಅಮ್ಮ ಮುಖ ಕೆಂಪಾಗಿ, ಬೆವರುತ್ತ ಹೊರಬಂದಳು. ನೇರ ಹಿಂದಕ್ಕೆ ಹೋಗಿ, ಯಂತ್ರದ ತಣ್ಣನೆಯ ಗಾಳಿಗೆ ಒದ್ದೆ ಕೂದಲನ್ನು ಹರಡಿಕೊಂಡು ನಿಂತಳು. ಕೈಗೆ ಒಂದು ಲೋಟ ಕಾಫಿ ಕೊಟ್ಟೆ. ಪಕ್ಕದಲ್ಲಿ ಮಗಳ ಒದ್ದೆ ಸಾಕ್ಸುಗಳು ತಂತಿಯ ಮೇಲೆ ಅಲ್ಲಾಡುತ್ತಿದ್ದವು.

"ಇನ್ನು ನೀನು ಹೋಗು," ಎಂದಳು ಕಾಫಿ ಊದುತ್ತ. "ಬಕೆಟ್ ತುಂಬಿಸಿಟ್ಟು ಬಂದಿದ್ದೇನೆ."